ಎರಡನೆಯ ದಿನದ ರಂಗೋಲಿ

ಅರಸೀಕೆರೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ನಮ್ಮ ಮ್ಯೂಸಿಯಮ್ಮಿಗೆ ಚಿತ್ರ ನೋಡಲು ಬರುವವರು ಕಡಿಮೆ. ಬಂದವರಲ್ಲಿಯೂ ಅರ್ಧ ಜನ ಫ್ಯಾನಿಗಾಗಿ ಬಂದವರು. ರೈಲು ತಡವಾದರೆ ಸ್ಟೇಷನ್ನಿನಿಂದ ಬ್ಯಾಗು ಹೊತ್ತು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಫ್ಯಾನಿನ ಕೆಳಗೆ ಯಾವ ಚಿತ್ರವಿದೆಯೋ ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು. ಇದನ್ನು ಕಂಡುಕೊಂಡ ಕೆಲವು ಕಲಾವಿದರು ತಮ್ಮ ಚಿತ್ರವನ್ನು ಆ ಜಾಗದಲ್ಲೇ ತೂಗುಹಾಕಬೇಕೆಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದರು. ನಾನು ಎಲ್ಲರಿಗೂ ಆಗಲಿ ಎನ್ನುತ್ತಿದ್ದೆ. ಕೊನೆಗೆ ಯಾರಿಗೂ ಬೇಡವೆಂದು ಆ ಗೋಡೆಗೆ ಹಳೆಯ ತಕ್ಕಡಿಯೊಂದನ್ನು ನೇತುಹಾಕುತ್ತಿದ್ದೆ.

ಮ್ಯೂಸಿಯಂ ಎಂದರೆ ದೊಡ್ಡದೇನಲ್ಲ. ಹಿಂದೆ ಅದು ಕೊಬ್ಬರಿ ಮಂಡಿ. ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಅಲ್ಲಿಯೇ ಗುಮಾಸ್ತನಾಗಿ ಸೇರಿದ್ದೆ. ಮಾಲೀಕರು ವ್ಯಾಪಾರ ನಿಲ್ಲಿಸಿದ ಮೇಲೆ ಊರಿನ ಕೆಲವು ವರ್ತಕರು ಸೇರಿ ಆ ಕಟ್ಟಡದಲ್ಲಿ ಸೇರು, ಪಾವು, ತಕ್ಕಡಿ, ಕೆರೆಯ ಹೂಳು ತೆಗೆಯುವಾಗ ಸಿಕ್ಕ ಒಂದು ವೀರಗಲ್ಲು, ಹಳೆಯ ಕಾಲದ ರೈಲ್ವೆ ಕೈದೀಪಗಳು, ಇಂಥವನ್ನೆಲ್ಲ ಜೋಡಿಸಿಟ್ಟರು. ಕಟ್ಟಡದ ಜೊತೆಗೆ ನನ್ನನ್ನೂ ಉಳಿಸಿಕೊಂಡರು. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಬಿಸಿಲೇರಿದಾಗ ಒಳಗೆಲ್ಲ ಕೊಬ್ಬರಿಯ ಕಮಟು ವಾಸನೆ ಏಳುತ್ತಿತ್ತು.

ಶಾಲೆಗೆ ರಜೆ ಬಂದೊಡನೆ ಅಲ್ಲಿ ಚಿತ್ರಕಲಾ ಪ್ರದರ್ಶನ. ಹಾಸನ, ತಿಪಟೂರು, ಕಡೂರು ಕಡೆಯ ಡ್ರಾಯಿಂಗ್ ಮೇಷ್ಟ್ರುಗಳು ವರ್ಷವಿಡೀ ಬರೆದದ್ದನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದರು. ಬೇಲೂರಿನ ಕನ್ನಡಿ ಹಿಡಿದ ಸುಂದರಿಯನ್ನು ಬರೆಯದವರೇ ಇರಲಿಲ್ಲ. ಒಂದೊಂದು ವರ್ಷ ಅವಳು ನಾಲ್ಕೈದು ಗೋಡೆಯ ಮೇಲೆ ನಾಲ್ಕೈದು ಮುಖ ಹೊತ್ತು ನಿಲ್ಲುತ್ತಿದ್ದಳು. ಒಂದರಲ್ಲಂತೂ ಹೈಸ್ಕೂಲಿನ ಹೊಲಿಗೆ ಟೀಚರಮ್ಮನ ಹಾಗೆಯೇ ಇದ್ದಳು. ಆ ಟೀಚರಮ್ಮ ಬಂದು ನೋಡಿ, ಸೆರಗು ಸರಿಮಾಡಿಕೊಂಡು ಹೋದರು.

ಮಧ್ಯಾಹ್ನ ನಾನೊಬ್ಬನೇ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಚಿತ್ರಗಳ ನಡುವೆ ಒಬ್ಬನೇ ಕೂರುವುದು ಖಾಲಿ ಕೋಣೆಯಲ್ಲಿ ಕೂತ ಹಾಗಲ್ಲ. ಖಾಲಿ ಕೋಣೆಯಲ್ಲಿ ನಮ್ಮನ್ನು ಯಾರೂ ನೋಡುವುದಿಲ್ಲ. ಇಲ್ಲಿ ಎಲ್ಲ ಗೋಡೆಗಳಿಂದಲೂ ಯಾರೋ ನೋಡುತ್ತಿರುತ್ತಾರೆ, ಆದರೆ ಊಟ ಆಯಿತೇ ಎಂದು ಕೇಳುವವರಿಲ್ಲ.

ಹಾಗೆ ಕೇಳುತ್ತಿದ್ದವಳು ನಮ್ಮ ಅಕ್ಕ ಒಬ್ಬಳೇ. ಹಿಂದಿನ ಬೀದಿಯಲ್ಲೇ ನಮ್ಮ ಮನೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಕ್ಕ, ನಾನು ಇಬ್ಬರೇ. ನನಗೆ ಮಕ್ಕಳಾಗಲಿಲ್ಲ. ಅಕ್ಕ ಊಟದ ಕ್ಯಾರಿಯರ್ ಹಿಡಿದು ಬಂದು, ನಾನು ಉಣ್ಣುವಷ್ಟು ಹೊತ್ತು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಚಿತ್ರ ನೋಡುತ್ತಿದ್ದಳು. ಒಂದು ವರ್ಷ ಕರಾವಳಿಯ ಕಲಾವಿದರೊಬ್ಬರು ಗೋಡೆ ತುಂಬ ಕಡಲು ತಂದು ಹಾಕಿದ್ದರು. ಕಡಲನ್ನು ಕಣ್ಣಾರೆ ಕಾಣದ ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು.

"ಇಷ್ಟು ನೀರು ಇಟ್ಕೊಂಡು ಏನ್ ಮಾಡ್ತಾರೋ?" ಅಂದಳು.

"ಏನೂ ಮಾಡಲ್ಲ ಕಣಕ್ಕ. ಉಪ್ಪುನೀರು."

"ಮತ್ಯಾಕೆ ಇಷ್ಟೊಂದು ಬರೆದವ್ನೆ. ನಮ್ ಕೆರೆ ತುಂಬಿದ್ದು ಒಂದು ಬರ್ಯೋಕೆ ಹೇಳು, ಅದಾದ್ರೂ ನೋಡಾಣ."

ಅಕ್ಕ ನನಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವಳು. ಗಂಡಸಿ ಎಂಬ ಊರಿನ ಮನೆಯೊಂದಕ್ಕೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡ ಹೋದ. ಆ ಮನೆಯವರು ಅವಳನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಕೆಲಸವನ್ನು ಮಾತ್ರ ಅವಳ ಕೈಯಿಂದ ತೆಗೆದು ಓರಗಿತ್ತಿಗೆ ಕೊಟ್ಟರು. ಅಕ್ಕ ಎದ್ದು ಹಿತ್ತಲಿಗೆ ಹೋಗಬೇಕು, ಮುಂಬಾಗಿಲಿಗೆ ಬರಬಾರದು. ಸ್ವಲ್ಪ ದಿನ ನೋಡಿ ಅಪ್ಪ ಮನೆಗೆ ಕರೆತಂದರು. ಬಂದ ಮಾರನೆಯ ನಸುಕಿನಲ್ಲಿ ಅಮ್ಮ ರಂಗೋಲಿ ಪುಡಿ ತುಂಬಿದ ತೆಂಗಿನ ಕರಟವನ್ನು ಅವಳ ಕೈಗಿಟ್ಟು, "ಏಳೇ, ಬಾಗ್ಲು ಬೋಳು ಬಿದ್ದೈತೆ" ಎಂದಳು. ಅಕ್ಕ ಹಿಂದೆಮುಂದೆ ನೋಡಿದಾಗ, "ಇದು ನಮ್ ಬಾಗ್ಲು ಕಣೇ, ನಿಮ್ಮತ್ತೆ ಬಾಗ್ಲಲ್ಲ" ಅಂದಳು. ಅಂದಿನಿಂದ ಆ ಬಾಗಿಲು ಅಕ್ಕನದು. ನನ್ನ ಹೆಂಡತಿ ಬಂದ ಮೇಲೂ ಅವಳದೇ.

ಚಿಕ್ಕವರಿದ್ದಾಗ ಅಪ್ಪ ನಮ್ಮನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದರು. ನಾನು ಗೋಡೆಯ ಆನೆ ಸಾಲಿಗೆ ಕಣ್ಣು ನೆಟ್ಟು ನಿಂತೆ. ಅಕ್ಕ ಮಾತ್ರ ದೇವಸ್ಥಾನದ ಜಗಲಿಯ ಅಂಚು ಹಿಡಿದು, ಒಳಗೆ ಹೊರಗೆ ತಿರುಗುವ ಮೂಲೆಮೂಲೆಯನ್ನೂ ಹೆಜ್ಜೆಯಲ್ಲಿ ಅಳೆಯುತ್ತ ಸುತ್ತಿದಳು. ಅಪ್ಪ ದರ್ಶನಕ್ಕೆ ಕೂಗಿದರೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ಆ ಮೂಲೆಗಳೆಲ್ಲ ನಮ್ಮ ಮನೆಯ ಮುಂದೆ ಇದ್ದವು. ಚುಕ್ಕಿ ಇಟ್ಟು, ಎಳೆ ಎಲ್ಲಿಯೂ ಕಡಿಯದ ಹಾಗೆ ಒಂದೇ ಓಟದಲ್ಲಿ ಸುತ್ತಿ ತಂದಿದ್ದಳು. ದೊಡ್ಡವಳಾದ ಮೇಲೆ ಅದನ್ನು ಇನ್ನೂ ಹಲವು ರೀತಿಯಲ್ಲಿ ಬೆಳೆಸಿದಳು.

ಆದರೆ ಎಷ್ಟೇ ಚೆನ್ನಾಗಿ ಬಂದ ರಂಗೋಲಿಯಾದರೂ ಮಾರನೆಯ ಬೆಳಕು ಹರಿಯುವ ಮುಂಚೆ ಪೊರಕೆ ಹಿಡಿದು ಗುಡಿಸಿ ನೀರು ಹಾಕುತ್ತಿದ್ದಳು. ನೆನ್ನೆಯದು ಇಂದಿಗೂ ಬಾಗಿಲಲ್ಲಿ ಉಳಿದರೆ ಆ ಮನೆಯಲ್ಲಿ ಎದ್ದು ಓಡಾಡುವವರಿಲ್ಲ ಎಂದು ಅರ್ಥ. ರಂಗೋಲಿಯೇ ಇಲ್ಲದಿದ್ದರೆ ಸಾವಾಗಿದೆ ಎಂದು ಅರ್ಥ. ನಮ್ಮ ಬೀದಿಯಲ್ಲಿ ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ನನಗೂ ಗೊತ್ತಿತ್ತು. ಈ ಕಥೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಹಲವು ವರ್ಷಗಳ ಹಿಂದಿನ ಬೇಸಿಗೆ. ಪ್ರದರ್ಶನಕ್ಕೆಂದು ಮೈಸೂರಿನಿಂದ ಬಂದಿದ್ದ ಕಲಾವಿದೆಯೊಬ್ಬರು ಬೆಳಿಗ್ಗೆ ಕಾಫಿ ಹುಡುಕಿಕೊಂಡು ನಮ್ಮ ಬೀದಿಗೆ ಬಂದವರು ಅಕ್ಕನ ರಂಗೋಲಿ ನೋಡಿ ನಿಂತುಬಿಟ್ಟರು. ನಮ್ಮ ಮನೆಯಲ್ಲೇ ಕಾಫಿ ಕುಡಿದರು. ಆಮೇಲೆ ಮ್ಯೂಸಿಯಮ್ಮಿನ ಕಾರ್ಯದರ್ಶಿಗೆ, ಇಷ್ಟು ಹತ್ತಿರ ಇಂಥವರನ್ನು ಇಟ್ಟುಕೊಂಡು ಗೋಡೆಯ ಮೇಲೆ ಮಾತ್ರ ಚಿತ್ರ ಹಾಕಿದ್ದೀರಲ್ಲ ಎಂದರು. ಕಾರ್ಯದರ್ಶಿ ಬಟ್ಟೆ ಅಂಗಡಿಯವರು. ಒಳ್ಳೆಯವರು, ಆದರೆ ಎಲ್ಲದಕ್ಕೂ ಆತುರ. ಆವತ್ತೇ ಹಜಾರದ ನಡುವೆ ಜಾಗ ಬಿಡಿಸಿದರು. ಅಕ್ಕನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

"ಬಾಗ್ಲೇ ಇಲ್ದಿರೋ ಕಡೆ ರಂಗೋಲಿ ಯಾಕ್ಲಾ?" ಅಂದಳು ಅಕ್ಕ. ಅವಳು ಖುಷಿಯಲ್ಲಿದ್ದಾಗ ನನ್ನನ್ನು ಗಂಡಸರ ಹಾಗೆ ಏನ್ಲಾ, ಯಾಕ್ಲಾ ಎನ್ನುತ್ತಿದ್ದಳು.

"ಜನ ನೋಡ್ಲಿ ಅಂತ ಕಣಕ್ಕ."

"ಜನ ದಿನಾ ತುಳ್ಕೊಂಡ್ ಹೋಯ್ತಾರಲ್ಲ, ಇನ್ನೇನ್ ನೋಡೋದು."

ಆದರೂ ಸಂಜೆ ಬಂದಳು. ಹಜಾರದ ನೆಲವನ್ನು ತಾನೇ ಸಾರಿಸಿ, ಹಳೇಬೀಡಿನ ಆ ಮೂಲೆಗಳ ರಂಗೋಲಿಯನ್ನು ಹಿಂದೆಂದೂ ಹಾಕದಷ್ಟು ದೊಡ್ಡದಾಗಿ ಬಿಟ್ಟಳು. ಮೈಸೂರಿನವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಕೊನೆಯ ಎಳೆ ಸೇರುವವರೆಗೂ ಏಳಲಿಲ್ಲ. ಸುತ್ತ ಹಗ್ಗ ಕಟ್ಟಿಸಿದ ಕಾರ್ಯದರ್ಶಿ ನನ್ನ ಕಿವಿಯ ಹತ್ತಿರ ಬಂದು, "ಪ್ರದರ್ಶನ ಮುಗಿಯೋವರೆಗೂ ಇದು ಹೀಗೇ ಇರಬೇಕು. ನಾಳೆ ಬೆಳಿಗ್ಗೆ ಪೇಪರಿನವರನ್ನು ಕರ್ಕೊಂಡು ಬರ್ತೀನಿ. ನೋಡ್ಕೊಳ್ಳಿ" ಎಂದರು. ಆಗಲಿ ಎಂದೆ.

ಮನೆಗೆ ಬಂದು ಕೈಕಾಲು ತೊಳೆಯುವಾಗ ಅಕ್ಕ, "ಬೆಳಿಗ್ಗೆ ನಾನೇ ಬೀಗದ ಕೈ ತಗೊಂಡೋಗಿ ಅದನ್ನ ತೆಗೆದು ಬೇರೆ ಹಾಕ್ತೀನಿ. ನೀನು ಏಳೋದು ತಡವಾಯ್ತದೆ, ಮಲಕ್ಕೋ" ಎಂದಳು. ಅದಕ್ಕೂ ಆಗಲಿ ಎಂದೆ.

ಬೇರೆ ಯೋಚನೆಯಲ್ಲಿದ್ದೆ, ಅವಳ ಮಾತು ಕಿವಿಗೆ ಬೀಳಲಿಲ್ಲ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಬಿದ್ದಿತ್ತು. ಮಂಡಿಯಲ್ಲಿ ಕಲಿತ ಬುದ್ಧಿ ಅದು. ಮಾರುವವನು ಬಂದರೂ ಆಗಲಿ, ಕೊಳ್ಳುವವನು ಬಂದರೂ ಆಗಲಿ. ಎದುರಿಗಿರುವವರ ಮುಖ ಆ ಗಳಿಗೆಗೆ ಬಾಡಬಾರದು, ಅಷ್ಟೇ. ಅಕ್ಕನಿಗೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಕಾರ್ಯದರ್ಶಿಗೆ ಆಗದು ಎಂದರೆ ಅವರೂ ಯಾಕೆ ಎಂದು ಕೇಳುತ್ತಾರೆ. ಬೆಳಿಗ್ಗೆ ಬೇಗ ಎದ್ದು ಏನಾದರೂ ಮಾಡಿದರಾಯಿತು ಎಂದುಕೊಂಡು ಮಲಗಿದೆ. ಬೇಗ ಏಳಲಿಲ್ಲ.

ನಾನು ಹೋಗುವ ಹೊತ್ತಿಗೆ ಬಾಗಿಲು ತೆರೆದಿತ್ತು. ನನ್ನ ಹಿಂದೆಯೇ ಕಾರ್ಯದರ್ಶಿ, ಮೈಸೂರಿನವರು, ಕ್ಯಾಮೆರಾ ಹಿಡಿದ ಪೇಪರಿನವರು, ಕಮಿಟಿಯ ಇನ್ನೂ ಕೆಲವರು ಬಂದರು. ಹಜಾರದ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ನೆನ್ನೆಯದು ಇರಲಿಲ್ಲ. ಅಕ್ಕ ಕುಕ್ಕರುಗಾಲಿನಲ್ಲಿ ಕೂತು ಹೊಸ ಚುಕ್ಕಿಗಳನ್ನು ಇಟ್ಟು ಮುಗಿಸಿ, ಮೊದಲನೆಯ ಎಳೆ ಹಿಡಿದಿದ್ದಳು. ನಮ್ಮನ್ನು ನೋಡಿ ನಕ್ಕಳು.

"ಒಂದ್ ಗಳಿಗೆ ಇರಿ ಸ್ವಾಮಿ. ಎಳೆದುಬಿಡ್ತೀನಿ."

"ನೆನ್ನೆದು ಎಲ್ಲಮ್ಮ?" ಎಂದರು ಕಾರ್ಯದರ್ಶಿ.

"ನೆನ್ನೆದು ನೆನ್ನೆಗೆ ಆಯ್ತಲ್ಲ ಸ್ವಾಮಿ."

ಕಾರ್ಯದರ್ಶಿ ನನ್ನ ಕಡೆ ತಿರುಗಿದರು. ಮುಖ ಕೆಂಪಗಾಗಿತ್ತು. "ಏನ್ರೀ ಇದು? ನಿಮಗೆ ಹೇಳಿರಲಿಲ್ವಾ ನಾನು? ನಿಮಗೆ ಗೊತ್ತಿಲ್ದೆ ಬೀಗ ಹೇಗೆ ತೆಗೆದ್ರು?"

"ಇವ್ನಿಗೆ ಹೇಳೇ ಬಂದಿದೀನಿ" ಎಂದು ಅಕ್ಕ ನನ್ನನ್ನು ನೋಡಿದಳು. ನಾನು ಹೌದು ಎನ್ನುತ್ತೇನೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕೈಯಲ್ಲಿ ಪುಡಿ ಹಿಡಿದೇ ಇದ್ದಳು.

"ಯಾವಾಗ ಹೇಳಿದ್ದೆ ನೀನು?" ಎಂದೆ. "ನಂಗೆ ಹೇಳ್ದೆ ಕೇಳ್ದೆ ಬೀಗದ ಕೈ ಎತ್ಕೊಂಡು ಬಂದಿದೀಯ. ಅದಕ್ಕೇ ಕಣೇ ಗಂಡಸಿಯೋರು ನಿನ್ನ ಕೈಲಿ ಬಾಗ್ಲು ಮುಟ್ಟಿಸ್ಲಿಲ್ಲ."

ಅಕ್ಕನಿಗೆ ಕಣಕ್ಕ ಎನ್ನುವುದು ಬಿಟ್ಟು ಕಣೇ ಎಂದವನಲ್ಲ ನಾನು. ಅಂದು ಅಂದೆ. ಅಷ್ಟು ಜನರ ಮುಂದೆ ಅಂದೆ. ಮೈಸೂರಿನವರು, "ಬಿಡಿ ಬಿಡಿ, ಇದೂ ಚೆನ್ನಾಗಿ ಬರ್ತಿದೆ, ಇದನ್ನೇ ಫೋಟೋ ತೆಗೀಲಿ" ಎಂದು ನಡುವೆ ಬಂದರು. ಅಕ್ಕ ಕೈಯಲ್ಲಿದ್ದ ಪುಡಿಯನ್ನು ಕರಟಕ್ಕೆ ಸುರಿದಳು. ಎದ್ದು ನಿಂತಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೂಲೆಯಲ್ಲಿದ್ದ ಪೊರಕೆ ತಂದು, ಇಟ್ಟಿದ್ದ ಚುಕ್ಕಿಗಳನ್ನೂ ಎಳೆದಿದ್ದ ಒಂದು ಎಳೆಯನ್ನೂ ಗುಡಿಸಿ, ಬೀಗದ ಕೈಯನ್ನು ನನ್ನ ಸ್ಟೂಲಿನ ಮೇಲೆ ಇಟ್ಟು ಹೋದಳು.

ಪ್ರದರ್ಶನ ಮುಗಿಯುವವರೆಗೂ ಹಗ್ಗದ ನಡುವೆ ಬರಿಯ ನೆಲ ಉಳಿಯಿತು. ಹಗ್ಗ ಬಿಚ್ಚಲು ಯಾರೂ ಹೇಳಲಿಲ್ಲ, ನಾನೂ ಬಿಚ್ಚಲಿಲ್ಲ. ರೈಲಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಅದನ್ನು ಸುತ್ತಲೂ ನಡೆದು ನೋಡಿ, "ತಾತ, ಇದೂ ಆರ್ಟಾ?" ಎಂದು ಕೇಳಿದಳು. ಅವಳು ಗೇಲಿ ಮಾಡುತ್ತಿರಲಿಲ್ಲ. "ಇಲ್ಲಮ್ಮ, ನೆಲ ಒಣಗ್ಲಿ ಅಂತ" ಎಂದೆ.

ಅಕ್ಕ ಮಧ್ಯಾಹ್ನ ಊಟ ತರುವುದನ್ನು ನಿಲ್ಲಿಸಲಿಲ್ಲ. ಕ್ಯಾರಿಯರನ್ನು ಬಾಗಿಲ ಕಟ್ಟೆಯ ಮೇಲೆ ಇಟ್ಟು ಹಾಗೆಯೇ ತಿರುಗುತ್ತಿದ್ದಳು. ಮನೆಯಲ್ಲಿ ಉಪ್ಪು ಮುಗಿದಿದೆ, ಗ್ಯಾಸ್ ಬುಕ್ ಮಾಡು, ನಲ್ಲಿಯಲ್ಲಿ ನೀರು ಬರಲಿಲ್ಲ, ಇಷ್ಟೇ ಮಾತು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗಾದರೂ ಮಾತು ತೆಗೆಯುತ್ತಿದ್ದೆನೇನೋ. ರಂಗೋಲಿ ಹಾಕುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಬೆಳಿಗ್ಗೆ ಬಾಗಿಲು ಗುಡಿಸುವಳು, ನೀರು ಹಾಕುವಳು, ಒಳಗೆ ಬರುವಳು.

ಮೊದಲನೆಯ ದಿನ ಹೂವಿನವಳು ನಮ್ಮ ಮನೆಯ ಹತ್ತಿರ ಬಂದವಳು ಕೂಗುವುದನ್ನು ನಿಲ್ಲಿಸಿ, ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಸದ್ದಿಲ್ಲದೆ ದಾಟಿ ಹೋದಳು. ಸಾವಿನ ಮನೆಯ ಮುಂದೆ ಮಲ್ಲಿಗೆ ಎಂದು ಕೂಗಲು ಆಗುತ್ತದೆಯೇ. ಮೂರನೆಯ ದಿನ ಅವಳೇ ಬಂದು, "ಅಕ್ಕಾವ್ರು ಚೆಂದಾಗವ್ರಾ ಯಜಮಾನ್ರೆ?" ಎಂದು ಮೆಲ್ಲಗೆ ಕೇಳಿದಳು. ಸೊಂಟ ಹಿಡಿದಿದೆ, ಬಗ್ಗಲು ಆಗುತ್ತಿಲ್ಲ ಎಂದೆ. ಬಾಣಾವರದ ದೂರದ ನೆಂಟರೊಬ್ಬರು ಯಾರ ಬಾಯಿಂದಲೋ ಕೇಳಿ, ಮುಖ ಸಪ್ಪಗೆ ಮಾಡಿಕೊಂಡು ಬಂದರು. ಒಳಗೆ ಅಕ್ಕ ರಾಗಿ ಕೇರುತ್ತ ಕೂತಿದ್ದಳು. ಅವರು ಗಾಬರಿಯಾಗಿ, "ಇಲ್ಲೇ ಹೋಗ್ತಿದ್ದೆ, ಕಾಫಿ ಕುಡಿಯೋಣ ಅಂತ ಬಂದೆ" ಎಂದರು.

"ನಾನು ಇನ್ನೂ ಇವ್ನಿ ಅಣ್ಣ, ಕೂತ್ಕಳಿ, ಹಾಲು ಐತೆ" ಎಂದಳು ಅಕ್ಕ. ಆಮೇಲೆ ಬಹಳ ಹೊತ್ತು ಒಬ್ಬಳೇ ಅಡಿಗೆಮನೆಯಲ್ಲಿ ನಗುತ್ತಿದ್ದಳು. ನಾನೂ ನಗಲೆಂದು ಬಾಗಿಲಿಗೆ ಹೋದೆ. ನನ್ನನ್ನು ಕಂಡು ನಗು ನಿಂತಿತು.

ಮಳೆಗಾಲ ಕಳೆದ ಮೇಲೆ ಹಗರೆಯಿಂದ ನಮ್ಮ ತಂಗಿಯ ಫೋನ್ ಬಂತು. ಅವಳನ್ನು ಹಗರೆಗೆ ಕೊಟ್ಟು ಎಷ್ಟೋ ವರ್ಷ. ಎಮ್ಮೆ, ಹಸು ಸಾಕಿ ಡೈರಿಗೆ ಹಾಲು ಹಾಕುವ ಮನೆ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಅಕ್ಕ ನಾಲ್ಕು ಸೀರೆ ಕಟ್ಟಿಕೊಂಡು ಹೊರಟಳು. ತಂಗಿಯ ಕೈ ಕೂಡಿತು. ಅಕ್ಕ ಬರಲಿಲ್ಲ. ಬಾ ಎಂದು ನಾನು ಕರೆಯಲಿಲ್ಲ, ಬರುವುದಿಲ್ಲ ಎಂದು ಅವಳು ಹೇಳಲಿಲ್ಲ.

ಒಬ್ಬನೇ ಇರುವುದು ಏನೆಂದು ಆಗ ತಿಳಿಯಿತು. ಹಗಲೆಲ್ಲ ಚಿತ್ರಗಳ ಜೊತೆ, ಇಲ್ಲವೇ ಸೇರು ಪಾವುಗಳ ಜೊತೆ. ಮನೆಗೆ ಬಂದರೆ ನಾನು ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಬೋಳು ಬಾಗಿಲು ನೋಡಿ ಜನ ಕೇಳುವುದನ್ನೂ ಬಿಟ್ಟಿದ್ದರು. ಗಂಡಸೊಬ್ಬನೇ ಇರುವ ಮನೆ ಎಂದು ಅವರಿಗೆ ಗೊತ್ತಾಗಿತ್ತು.

ಆಗ ಒಂದು ದಡ್ಡತನ ಮಾಡಿದೆ. ಅಂಗಡಿಗಳ ಬೋರ್ಡು ಬರೆಯುವವನನ್ನು ಕರೆಸಿ ಬಾಗಿಲ ಮುಂದಿನ ಸಿಮೆಂಟು ನೆಲದ ಮೇಲೆ ಬಿಳಿಯ ಪೇಂಟಿನಲ್ಲಿ ರಂಗೋಲಿ ಬರೆಸಿದೆ. ಅಕ್ಕನ ಮೂಲೆಗಳು ಅವನಿಗೆ ಬರಲಿಲ್ಲ. ತಾವರೆ ಬರೆದ. ಅದೇ ತಿಂಗಳು ಅಕ್ಕ ರೇಷನ್ ಕಾರ್ಡಿಗೆ ಬೆರಳು ಒತ್ತಲು ಬಂದಳು. ಚೀಲ ಹಿಡಿದು ಬಾಗಿಲ ಹೊರಗೇ ನಿಂತಳು.

"ಯಾರು ಹಾಕಿದ್ದು ಇದನ್ನ?"

"ಬೋರ್ಡ್ ಬರ್ಯೋನು ಕಣಕ್ಕ."

"ಒರ್ಸೋದು ಹೆಂಗೆ?"

"ಒರ್ಸೋ ಹಂಗೇ ಇಲ್ಲ. ಮಳೆ ಬಂದ್ರೂ ಹೋಗಲ್ಲ, ವರ್ಷಗಟ್ಟಲೆ ಇರ್ತದೆ" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅಕ್ಕ ನನ್ನ ಮುಖ ನೋಡಿದಳು. ಸೀರೆ ಸ್ವಲ್ಪ ಎತ್ತಿಕೊಂಡು ಆ ತಾವರೆಯನ್ನು ದಾಟಿ ಒಳಗೆ ಬಂದಳು. ಬೆರಳು ಒತ್ತಿ, ಸಂಜೆಯ ಬಸ್ಸಿಗೆ ಹೊರಟುಹೋದಳು. ಬಸ್ಸು ಹೋದ ಮೇಲೆ ಬಾಗಿಲಿಗೆ ಬಂದು ನಿಂತಾಗ, ಕಾರ್ಯದರ್ಶಿ ಆವತ್ತು ಕೇಳಿದ್ದನ್ನೇ ನಾನು ನನ್ನ ಮನೆಯ ಮುಂದೆ ಮಾಡಿಸಿದ್ದೇನೆ ಎಂದು ಹೊಳೆಯಿತು. ಸೀಮೆಎಣ್ಣೆ ಹಾಕಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಈಚೆಗೆ ಮಂಡಿನೋವಿನಿಂದ ಮ್ಯೂಸಿಯಮ್ಮಿನ ಕೆಲಸ ಬಿಟ್ಟೆ. ಈ ಬೇಸಿಗೆಯ ಪ್ರದರ್ಶನದ ಕೊನೆಯ ದಿನ ನನಗೆ ಶಾಲು ಹೊದಿಸುವುದಾಗಿ ಕಮಿಟಿಯವರು ಹೇಳಿದರು. ಅಕ್ಕನನ್ನು ಕರೆಯಲು ಅದೊಂದು ನೆಪವಾಯಿತು. ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹಗರೆಗೆ ಇಳಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸುತ್ತಿದ್ದೆ. ಪಕ್ಕದಲ್ಲಿ ಕೂತವನು ಮಂತ್ರ ಹೇಳುತ್ತಿದ್ದೇನೆಂದುಕೊಂಡು ಸರಿದು ಕೂತ.

ತಂಗಿಯ ಮನೆಯ ಮುಂದೆ ರಂಗೋಲಿ ಇತ್ತು. ತಂಗಿಯ ಸೊಸೆ ಹಾಕಿದ್ದು, ಅಕ್ಕನದಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಅಕ್ಕ ಕೊಟ್ಟಿಗೆಯಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಕೈ ಕೆಲಸ ನಿಲ್ಲಿಸದೆ, "ಬಂದ್ಯಾ, ಕಾಫಿ ಕುಡ್ದಾ?" ಎಂದಳು. ನಾನು ಎಮ್ಮೆ ಕಟ್ಟಿದ ಗೊಂತಿನ ಪಕ್ಕ ನಿಂತು ಹೇಳಿದೆ. ಅವತ್ತು ಗಂಡಸಿಯ ಮಾತು ಎತ್ತಬಾರದಿತ್ತು, ನನ್ನದು ತಪ್ಪಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದೆ. ಬಸ್ಸಿನಲ್ಲಿ ಜೋಡಿಸಿದ್ದು ಇದಕ್ಕಿಂತ ಚೆನ್ನಾಗಿತ್ತು.

ಅಕ್ಕ ಬಕೆಟ್ಟನ್ನು ಎಮ್ಮೆಯ ಮುಂದೆ ತಳ್ಳಿದಳು.

"ಅವತ್ತು ಅಷ್ಟ್ ಜನದ ಮುಂದೆ ಅಂದೆ. ಇವತ್ತು ಎಮ್ಮೆ ಮುಂದೆ ಹೇಳ್ತಾ ಇದೀಯ. ಇದಕ್ಕೆ ಎಲ್ಲಾ ಗೊತ್ತು ಬಿಡು, ನಾನು ದಿನಾ ಹೇಳ್ತಿರ್ತೀನಿ."

ತಂಗಿ ಹೊರಗಿನಿಂದ, "ಏನು ಅಕ್ಕ ತಮ್ಮಂದು ಗುಸುಗುಸು?" ಎಂದು ಕೂಗಿದಳು.

"ಏನಿಲ್ಲ ಕಣೇ, ಇವ್ನು ಎಮ್ಮೆ ವ್ಯಾಪಾರಕ್ಕೆ ಬಂದವ್ನೆ" ಎಂದಳು ಅಕ್ಕ. ಹೊರಡುವಾಗ ಶಾಲು ಹೊದಿಸುವ ದಿನಕ್ಕೆ ಕರೆದೆ. ಅರಸೀಕೆರೆಗೆ ಬರುತ್ತೇನೆಂದೂ ಅವಳು ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬರಲಿಲ್ಲ.

ಕೊನೆಯ ದಿನ ಹಜಾರದಲ್ಲಿ ಕುರ್ಚಿ ಹಾಕಿದ್ದರು. ಬಹುಮಾನಕ್ಕೆ ಕಾದ ಮಕ್ಕಳು, ಅವರ ತಾಯಂದಿರು, ಡ್ರಾಯಿಂಗ್ ಮೇಷ್ಟ್ರುಗಳು, ಈಗ ವಯಸ್ಸಾಗಿರುವ ಆ ಕಾರ್ಯದರ್ಶಿ. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದು ಮೈಕು ಹಿಡಿಸಿದರು. ನಾನು ಅಕ್ಕನ ರಂಗೋಲಿಯ ವಿಷಯ ತೆಗೆದೆ. ಇದೇ ಹಜಾರದಲ್ಲಿ ಅವಳಿಗೆ ಆಡಬಾರದ ಮಾತೊಂದು ಆಡಿದೆ, ನನ್ನನ್ನು ಕ್ಷಮಿಸಬೇಕು ಎಂದೆ. ಚಪ್ಪಾಳೆ ಹೊಡೆದರು. ಮೈಕು ತೆಗೆದುಕೊಂಡ ಹುಡುಗಿ, "ತುಂಬಾ ಚೆನ್ನಾಗಿ ಮಾತಾಡಿದ್ರಿ ತಾತ" ಎಂದು ಬಹುಮಾನದ ಮೊದಲ ಹೆಸರು ಕರೆದಳು.

ಕೂತ ಮೇಲೆ, ಆ ಮಾತು ಏನೆಂದು ನಾನು ಹೇಳಲೇ ಇಲ್ಲವಲ್ಲ ಎನಿಸಿತು. ಮತ್ತೆ ಎದ್ದೆ. ಮೈಕಿಲ್ಲದೆಯೇ, ಗಂಡಸಿಯವರು ನಿನ್ನ ಕೈಯಲ್ಲಿ ಬಾಗಿಲು ಮುಟ್ಟಿಸಲಿಲ್ಲ ಎಂದು ವಿಧವೆ ಅಕ್ಕನಿಗೆ ಜನರ ಮುಂದೆ ಅಂದೆ, ಅದು ಆ ಮಾತು ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಬಹುಮಾನ ತೆಗೆದುಕೊಳ್ಳಲು ಬಂದ ಮಗು ವೇದಿಕೆಯ ಮೆಟ್ಟಿಲ ಮೇಲೆಯೇ ನಿಂತಿತ್ತು. ಕಾರ್ಯದರ್ಶಿ ನನ್ನ ಕೈ ಹಿಡಿದು ಕೂರಿಸಿದರು. "ಯಾವ ರಂಗೋಲಿ? ಯಾವ ವರ್ಷದ್ದು?" ಎಂದು ಮೆಲ್ಲಗೆ ಕೇಳಿದರು. ಅವರಿಗೆ ನೆನಪೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹಗರೆಗೆ ಫೋನ್ ಮಾಡಿದೆ. ತಂಗಿ ಅಕ್ಕನ ಕೈಗೆ ಕೊಟ್ಟಳು.

"ಹೇಳ್ದೆ ಕಣಕ್ಕ. ಎಲ್ಲರ ಮುಂದೆ."

"ಏನಂತ ಹೇಳ್ದೆ?"

ಹೇಳಿದ್ದನ್ನು ಇದ್ದಂತೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿದಳು.

"ಗಂಡಸಿ ಮಾತು ನಂಗೇನು ಹೊಸದಲ್ಲ ಕಣೋ" ಎಂದಳು. "ಆ ಮನೆಯೋರೇ ಅಂದವ್ರೆ, ಊರೋರು ಅಂದವ್ರೆ, ಸಿಟ್ಟಲ್ಲಿ ನೀನೂ ಅಂದೆ. ನಾನು ಹೇಳ್ದೆ ಕೇಳ್ದೆ ಬೀಗ ತೆಗ್ದೆ ಅಂದ್ಯಲ್ಲ. ಕಳ್ಳಿ ಥರ ನಿಂತ್ಕಂಡಿದ್ದೆ ನಾನು, ಅಷ್ಟ್ ಜನದ ನಡುವೆ. ಅದು ಹೇಳ್ದಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಹೇಳ್ಳಿಲ್ಲ ಅಲ್ವಾ."

"ಇಲ್ಲ."

"ಆ ಮೈಸೂರ್ ತಾಯಿ ನನ್ ಪಕ್ಕ ಕೂತ್ಕಂಡು ಸಂಜೆಯೆಲ್ಲ ನೋಡಿದ್ರು. ಅವ್ರು ಏನಂದ್ಕೊಂಡು ಹೋದ್ರೋ ಏನೋ. ಈಗ ಅವ್ರೆಲ್ಲವ್ರೆ?" ಎಂದಳು. ನನಗೆ ಗೊತ್ತಿಲ್ಲ ಎಂದೆ. ಹಾಲು ಕರೆಯುವ ಹೊತ್ತಾಯಿತು ಎಂದು ಫೋನ್ ಇಟ್ಟಳು.

ಇಷ್ಟು ವರ್ಷ ನಾನು ಒಂದು ತಪ್ಪನ್ನು ಹೊತ್ತುಕೊಂಡು ಒಬ್ಬನೇ ತಿರುಗುತ್ತಿದ್ದೆ. ಅದರ ಪಕ್ಕದಲ್ಲೇ ಇದ್ದ ಇನ್ನೊಂದನ್ನು ಬಚ್ಚಿಟ್ಟುಕೊಂಡಿದ್ದೆ. ಸಿಟ್ಟಿನಲ್ಲಿ ಕೆಟ್ಟ ಮಾತಾಡಿದೆ ಎಂದು ಒಪ್ಪಿಕೊಳ್ಳುವುದು ಸುಲಭ, ಹಾಗೆ ಒಪ್ಪಿಕೊಂಡವನನ್ನು ಜನ ಒಳ್ಳೆಯವನೆಂದೇ ಕರೆಯುತ್ತಾರೆ. ಸುಳ್ಳು ಹೇಳಿ ನನ್ನ ತಲೆ ಉಳಿಸಿಕೊಂಡೆ ಎನ್ನಲು ಶಾಲು ಹೊದ್ದುಕೊಂಡಾಗಲೂ ಬಾಯಿ ಬರಲಿಲ್ಲ.

ಮೈಸೂರಿನವರ ನಂಬರು ಹಳೆಯ ಫೋನಿನಲ್ಲಿತ್ತು. ಈಗ ಅದು ಬೇರೆ ಯಾರದೋ. ಅಂದಿನ ಪೇಪರಿನವರು ಊರು ಬಿಟ್ಟಿದ್ದಾರೆ. ಕಮಿಟಿಯ ಇಬ್ಬರು ತೀರಿಕೊಂಡರು. ಉಳಿದವರ ಮನೆಗಳಿಗೆ ಒಂದೊಂದಾಗಿ ಹೋಗಿ ಹೇಳುತ್ತಿದ್ದೇನೆ. ಅವರು ಕೂರಿಸಿ ಕಾಫಿ ಕೊಡುತ್ತಾರೆ. ನನಗೆ ತಲೆ ಸರಿಯಿದೆಯೇ ಎಂದು ಒಳಗೆ ಹೋಗಿ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಅಕ್ಕನಿಗೆ ಹೇಳಿದಾಗ, "ಬರಿ. ಸುತ್ತಿ ಬಳಸಿ ಬರಿಬ್ಯಾಡ" ಎಂದಳು.

ಆ ಬೆಳಿಗ್ಗೆ ಹಜಾರದಲ್ಲಿ ನಿಂತಿದ್ದ ಯಾರಾದರೂ ಇದನ್ನು ಓದಿದರೆ, ಮುಖ್ಯವಾಗಿ ಮೈಸೂರಿನ ಆ ತಾಯಿ ಓದಿದರೆ, ತಿಳಿಯಲಿ. ನಮ್ಮ ಅಕ್ಕ ಕದ್ದು ಬೀಗ ತೆಗೆದವಳಲ್ಲ. ಹಿಂದಿನ ಸಂಜೆಯೇ ನನಗೆ ಹೇಳಿದ್ದಳು. ನಾನು ಒಪ್ಪಿದ್ದೆ. ನಿಮ್ಮೆಲ್ಲರ ಮುಂದೆ ಸುಳ್ಳು ಹೇಳಿದವನು ನಾನು.